ಪೆನ್ಸಿಲಿನಲ್ಲಿ ಬರೆದ ಅಂಕ

ಪ್ರತಿಭೆ ಮತ್ತು ಮೀಸಲಾತಿಯ ಬಗ್ಗೆ ಇವತ್ತಿನ ಮಾತನ್ನು ಒಂದು ಪೆನ್ಸಿಲಿನ ಕಥೆಯಿಂದ ಶುರು ಮಾಡುತ್ತೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಉಡುಪಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಉಪನ್ಯಾಸಕರ ಒಂದು ಹುದ್ದೆ ಖಾಲಿ ಇತ್ತು. ವಿಷಯ ತಜ್ಞ ಅಂತ ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಹನ್ನೊಂದು ಜನ ಬಂದಿದ್ದರು. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ನಿಮಿಷ. ಸಂದರ್ಶನಕ್ಕೆ 25 ಅಂಕ. ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತಿದ್ದೆ, ‘ಬೋರ್ಡಿನ ಹತ್ತಿರ ಹೋಗಿ, ನಮ್ಮನ್ನು ಪಿಯುಸಿ ಮಕ್ಕಳು ಅಂದುಕೊಂಡು ಏನಾದರೂ ಒಂದು ಪಾಠ ಮಾಡಿ.’

ನಾಲ್ಕನೆಯವರಾಗಿ ಬಂದವರು ಕುಂದಾಪುರದ ಒಳಗಿನ ಒಂದು ಹಳ್ಳಿಯ ಯುವಕ. ಕಾಲರ್ ಸವೆದ ಅಂಗಿ, ಅದನ್ನೇ ಬಿಚ್ಚಿ ತಿರುಗಿಸಿ ಹೊಲಿಸಿದ್ದರು. ಚಾಕ್ ಹಿಡಿದು ಒಂದು ಗೆರೆ ಎಳೆದರು. ‘ಈ ತುದಿ ಕುಂದಾಪುರ, ಆ ತುದಿ ಉಡುಪಿ. ಬಸ್ಸು ಈ ದಾರಿಯನ್ನು ಸರಾಸರಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಬಂತು ಅಂತಿಟ್ಟುಕೊಳ್ಳಿ. ನಡುವೆ ಕೋಟದಲ್ಲಿ ನಿಂತಿರಬಹುದು, ಬ್ರಹ್ಮಾವರ ದಾಟಿ ಓಡಿರಬಹುದು. ಆದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ, ಒಂದು ಕ್ಷಣಕ್ಕಾದರೂ, ಡ್ರೈವರನ ಎದುರಿನ ಮುಳ್ಳು ಸರಿಯಾಗಿ ಮೂವತ್ತೈದನ್ನು ತೋರಿಸಿಯೇ ಇರಬೇಕು. ಯಾಕೆ?’ ಅಂತ ನಮ್ಮ ಕಡೆ ತಿರುಗಿ ಕೇಳಿದರು. ಗಣಿತದಲ್ಲಿ ಅದಕ್ಕೆ ಸರಾಸರಿ ಮೌಲ್ಯ ಪ್ರಮೇಯ ಅನ್ನುತ್ತೇವೆ. ನಾನು ಅದನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಷ್ಟು ಚೆಂದಕ್ಕೆ ಒಂದು ದಿನವೂ ಮಾಡಿರಲಿಲ್ಲ. ಅವರಿಗೆ 22 ಅಂಕ ಹಾಕಿದೆ.

ಹಾಕಿದ್ದು ಪೆನ್ಸಿಲಿನಲ್ಲಿ. ‘ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಡಿ ಸರ್, ಕಡೆಗೆ ಒಟ್ಟಿಗೆ ಕೂತು ಪೆನ್ನಿನಲ್ಲಿ ತುಂಬಿಸುವ’ ಅಂತ ಅಧ್ಯಕ್ಷರು ಮೊದಲೇ ಹೇಳಿದ್ದರು. ಹನ್ನೊಂದು ಜನರದ್ದೂ ಮುಗಿಯಿತು. ಗೋಳಿಬಜೆ, ಕಾಫಿ ಬಂತು. ಕಾಫಿ ಕುಡಿಯುತ್ತಾ ಅಧ್ಯಕ್ಷರು ಕಿಸೆಯಿಂದ ಒಂದು ಚೀಟಿ ತೆಗೆದರು. ಎಂಟನೆಯ ಹೆಸರಿನ ಮೇಲೆ ಬೆರಳಿಟ್ಟು, ‘ಇವರದ್ದು ಒಂದು ಮೇಲಿನಿಂದ ಮಾತು ಉಂಟು’ ಅಂದರು. ರಬ್ಬರ್ ಮೇಜಿನ ಮೇಲೆ ಆ ಕಡೆಯಿಂದ ಈ ಕಡೆಗೆ ಬಂತು. ಎಂಟನೆಯವರ 13 ಇದ್ದದ್ದು 23 ಆಯಿತು. ಅಷ್ಟೇ ಸಾಕಾಗಲಿಲ್ಲ. ಓದಿನ ಅಂಕ ಸೇರಿಸಿದರೆ ಆಗಲೂ ನಾಲ್ಕನೆಯವರೇ ಮೇಲೆ ಬರುತ್ತಿದ್ದರು. ಹಾಗಾಗಿ 22 ಇದ್ದದ್ದು 14 ಆಯಿತು. ಆಮೇಲೆ ಎಲ್ಲರೂ ಪೆನ್ನಿನಲ್ಲಿ ತುಂಬಿಸಿದೆವು. ನಾನೂ ಸಹಿ ಹಾಕಿದೆ.

ಆ ಹಾಳೆಯ ತಲೆಯಲ್ಲಿ ಟೈಪ್ ಮಾಡಿದ ಎರಡು ಪದ ಇದ್ದವು: ಜನರಲ್ ಮೆರಿಟ್. ಆ ಹುದ್ದೆಗೆ ಯಾವ ಮೀಸಲಾತಿಯೂ ಇರಲಿಲ್ಲ. ಗೆದ್ದವರೂ ಸೋತವರೂ ಇಬ್ಬರೂ ಸಾಮಾನ್ಯ ವರ್ಗದವರೇ. ಇವತ್ತು ಪ್ರತಿಭೆ ಮತ್ತು ಮೀಸಲಾತಿಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಆ ಹಾಳೆಯನ್ನು ಬಿಟ್ಟು ಈ ವಿಷಯ ಮಾತಾಡಲು ನನಗೆ ಆಗುವುದಿಲ್ಲ.

ನಮ್ಮಲ್ಲಿ ‘ಮೆರಿಟ್ ಹಾಳಾಯಿತು’ ಅನ್ನುವ ಮಾತು ಯಾವಾಗ ಕೇಳಿಸುತ್ತದೆ, ಸ್ವಲ್ಪ ಗಮನಿಸಿ. ಎಸ್‌ಸಿ ಹುಡುಗನೊಬ್ಬನಿಗೆ ಸೀಟು ಸಿಕ್ಕಾಗ ಕೇಳಿಸುತ್ತದೆ. ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಸೇರಿದ ಮೀನುಗಾರರ ಮನೆಯ ಹುಡುಗಿಗೆ ಕೆಲಸ ಸಿಕ್ಕಾಗ ಕೇಳಿಸುತ್ತದೆ. ದುಡ್ಡು ಕೊಟ್ಟು ಸೀಟು ತೆಗೆದುಕೊಂಡವರ ಮನೆಯ ಗೃಹಪ್ರವೇಶದಲ್ಲಿ ಕೇಳಿಸುವುದಿಲ್ಲ. ಚೀಟಿಯಿಂದ ಕೆಲಸ ಸಿಕ್ಕವರ ಬೀಳ್ಕೊಡುಗೆ ಸಮಾರಂಭದಲ್ಲೂ ಕೇಳಿಸುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಯಾಕೆಂದರೆ ಪ್ರತಿಭೆಯನ್ನು ನಾನು ನಿಜವಾಗಿ ಗೌರವಿಸುತ್ತೇನೆ. ಮೂವತ್ತೊಂದು ವರ್ಷ ಅದನ್ನೇ ಹುಡುಕುತ್ತಾ ಪಾಠ ಮಾಡಿದವನು ನಾನು.

ನನ್ನ ಮನೆಯದ್ದೇ ಹೇಳುತ್ತೇನೆ. ನನ್ನ ತಂದೆಗೆ 1962ರಲ್ಲಿ ಒಂದು ಬ್ಯಾಂಕಿನಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ನಮ್ಮದು ಬ್ಯಾಂಕುಗಳ ಊರು, ನಿಮಗೆ ಗೊತ್ತೇ ಇದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸುಮಾರು ಇಪ್ಪತ್ತೈದು ವರ್ಷದಲ್ಲಿ, ಆಗ ಉಡುಪಿಯೂ ಸೇರಿ ಒಂದೇ ಆಗಿದ್ದ ನಮ್ಮ ಜಿಲ್ಲೆಯಲ್ಲಿ, ಐದು ಬ್ಯಾಂಕು. ಅಪ್ಪ ಯಾವ ಬ್ಯಾಂಕಿನಲ್ಲಿ ಇದ್ದರು ಅನ್ನುವುದು ಬೇಡ. ಅವರು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ. ಅಜ್ಜನ ಪರಿಚಯದವರೊಬ್ಬರು ಒಂದು ಮಾತು ಹೇಳಿದರು, ಮುಂದಿನ ಸೋಮವಾರ ಬಾ ಅಂದರು, ಹೋದರು. ಅಪ್ಪ ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರು. ಲೆಜರಿನಲ್ಲಿ ಒಂದು ಪೈಸೆ ತಪ್ಪಿದರೆ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದರು. ಆ ಸಂಬಳದಲ್ಲಿ ನಾನು ಓದಿದೆ. ಮನೆಯಲ್ಲಿ ಕರೆಂಟು ಇತ್ತು, ಮೇಜು ಇತ್ತು, ಇಂಗ್ಲಿಷ್ ಪೇಪರ್ ಬರುತ್ತಿತ್ತು. ನನಗೆ ಎಂಎಸ್ಸಿಯಲ್ಲಿ ಒಳ್ಳೆಯ ಅಂಕ ಬಂತು. ಅದು ನನ್ನ ಮೆರಿಟ್.

ನಮ್ಮ ತೋಟದ ತೆಂಗಿನಕಾಯಿ ಕೀಳುತ್ತಿದ್ದವರ ಮಗ ನನ್ನ ಕ್ಲಾಸಿನಲ್ಲೇ ಇದ್ದ. ಏಳನೆಯ ತರಗತಿಯವರೆಗೆ ಲೆಕ್ಕದಲ್ಲಿ ನನಗಿಂತ ಚುರುಕು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸಲು ನನ್ನಿಂದ ಆಗಲೇ ಇಲ್ಲ. ಅವನ ಅಪ್ಪನ ಪರವಾಗಿ ಒಂದು ಮಾತು ಹೇಳುವವರು ಯಾರೂ ಇರಲಿಲ್ಲ. ಎಂಟನೆಯ ತರಗತಿಗೆ ಅವನು ಬರಲಿಲ್ಲ. ನಾನೂ ಕೇಳಲಿಲ್ಲ.

ಒಂದು ಕಡೆಯ ಒಲವು ಯಾವಾಗಲೂ ಇತ್ತು. ಅದು ಯಾರ ಕಡೆಗೆ ಇತ್ತು, ಅದನ್ನು ಬರೆದಿಟ್ಟಿದ್ದರೋ ಇಲ್ಲವೋ, ಅಷ್ಟೇ ವ್ಯತ್ಯಾಸ. ಮೀಸಲಾತಿ ಅಂದರೆ ಬರೆದಿಟ್ಟ ಒಲವು. ಎಷ್ಟು, ಯಾರಿಗೆ, ಯಾಕೆ ಅಂತ ಗೆಜೆಟ್ಟಿನಲ್ಲಿ ಇರುತ್ತದೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿಗೆ ಹೋಗಬಹುದು. ಕಿಸೆಯಲ್ಲಿದ್ದ ಆ ಚೀಟಿಯ ವಿರುದ್ಧ ಯಾವ ಕೋರ್ಟಿಗೆ ಹೋಗುತ್ತೀರಿ?

ಬರೆದಿಡುವ ಕೆಲಸ ಈ ಭಾಗದಲ್ಲಿ ಎಷ್ಟು ಹಳೆಯದು ಅಂತ ಒಂದು ಮಾತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ, ಮಿಲ್ಲರ್ ಸಮಿತಿ ಮಾಡಿದ ಕಥೆ ನಿಮಗೆ ಪಾಠದಲ್ಲಿ ಬಂದಿರುತ್ತದೆ. ಮದ್ರಾಸಿನ ಕಥೆ ಬೇರೆ. ಅಲ್ಲಿ 1927ರಲ್ಲಿ ಒಂದು ಸರ್ಕಾರಿ ಆದೇಶ ಬಂತು. ಪ್ರತಿ 12 ಹುದ್ದೆಯಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸ್ಲಿಮರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ 2, ದಲಿತರಿಗೆ 1. ಆಗ ಮದ್ರಾಸಿನ ಮುಖ್ಯ ಸಚಿವರಾಗಿದ್ದವರು ಪಿ. ಸುಬ್ಬರಾಯನ್. ಅವರು ಯಾರ ಅಳಿಯ ಗೊತ್ತಾ? ಕುದ್ಮುಲ್ ರಂಗರಾಯರ ಅಳಿಯ.

ಇಲ್ಲಿಗೆ ಬರುವಾಗ ನಿಮ್ಮಲ್ಲಿ ತುಂಬಾ ಜನ ಮಂಗಳೂರಿನ ಪುರಭವನದ ಎದುರು ಹಾದು ಬಂದಿದ್ದೀರಿ. ಅದಕ್ಕೆ ರಂಗರಾಯರದೇ ಹೆಸರು. ಬೋರ್ಡ್ ಓದಿ ಮುಂದೆ ಹೋಗುತ್ತೇವೆ. ಅವರು ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. 1897ರಲ್ಲಿ ದಲಿತ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ಶಾಲೆ ಕಟ್ಟಿದರು, ಮಧ್ಯಾಹ್ನ ಮಕ್ಕಳಿಗೆ ಊಟ ಹಾಕಿದರು. ಅವರ ಜಾತಿಯವರು ಅವರನ್ನು ದೂರ ಇಟ್ಟರು. ಅವರ ಒಂದು ಆಸೆಯನ್ನು ಮಂಗಳೂರಿನ ಹಿರಿಯರು ಈಗಲೂ ಹೇಳುತ್ತಾರೆ. ನಮ್ಮ ಶಾಲೆಯಲ್ಲಿ ಕಲಿತ ಮಗು ಸರ್ಕಾರಿ ಕೆಲಸಕ್ಕೆ ಸೇರಿ, ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಬೇಕು ಅನ್ನುವುದು ಆ ಆಸೆ. ರಂಗರಾಯರು 1928ರಲ್ಲಿ ತೀರಿಕೊಂಡರು. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ ಮುಂದೆ ದಿಲ್ಲಿಯ ಶಾಸನಸಭೆಗೆ ಹೋದರು. ಆ ಮನೆಯ ಬಗ್ಗೆಯೇ ಒಂದು ದಿನ ಮಾತಾಡಬಹುದು. ಇವತ್ತು ಬೇಡ, ವಿಷಯ ಬಿಟ್ಟು ಹೋಗುತ್ತದೆ.

ಮದ್ರಾಸಿನ ಆ ಆದೇಶ ಕಾಲೇಜು ಸೀಟಿಗೂ ಬಂತು. ಸ್ವಾತಂತ್ರ್ಯ ಬಂದ ಮೇಲೆ ಚಂಪಕಂ ದೊರೈರಾಜನ್ ಎಂಬ ಮಹಿಳೆ ಅದನ್ನು ಪ್ರಶ್ನಿಸಿದರು. 1951ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಅನ್ನುವ 15(4)ನೇ ವಿಧಿ ಸೇರಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟಿನಲ್ಲಿ ಶೇ. 68 ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಕೋರ್ಟ್ ಅದನ್ನೂ ಹೊಡೆದುಹಾಕಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಇರಬೇಕು ಅನ್ನುವ ಮಾತು ಬಂದದ್ದು ಅಲ್ಲಿಂದ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿ ಮಾಡಿತು.

ಇಷ್ಟು ನಿಮಗೆ ಪರೀಕ್ಷೆಗೆ ಬೇಕಾದದ್ದು. ನನಗೆ ಮುಖ್ಯ ಅನಿಸುವುದು ಬಾಲಾಜಿಯ ನಂತರ, 1964ರಲ್ಲಿ ನಮ್ಮದೇ ರಾಜ್ಯದಿಂದ ಹೋದ ಚಿತ್ರಲೇಖಾ ಪ್ರಕರಣ. ಅದರಲ್ಲಿ ಎಲ್ಲರೂ ಜಾತಿಯ ಭಾಗವನ್ನು ಓದುತ್ತಾರೆ. ಇನ್ನೊಂದು ಭಾಗ ಇದೆ. ಆಗ ಇಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಂದರ್ಶನ ಇತ್ತು, ಅದಕ್ಕೆ ಪರೀಕ್ಷೆಯ ಅಂಕದ ಶೇ. 25ರಷ್ಟು ತೂಕ. ಕೋರ್ಟ್ ಅದನ್ನು ಒಪ್ಪಿತು. 1981ರ ಅಜಯ್ ಹಾಸಿಯಾ ಪ್ರಕರಣಕ್ಕೆ ಬರುವ ಹೊತ್ತಿಗೆ ಕೋರ್ಟಿಗೆ ಸಾಕಾಗಿತ್ತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬೊಬ್ಬ ಹುಡುಗನನ್ನು ಎರಡು ಮೂರು ನಿಮಿಷ ಮಾತಾಡಿಸಿ ಮೂರನೇ ಒಂದು ಭಾಗದಷ್ಟು ಅಂಕ ಹಾಕುತ್ತಿದ್ದರು. ಪ್ರವೇಶದ ಸಂದರ್ಶನಕ್ಕೆ ಶೇ. 15ಕ್ಕಿಂತ ಜಾಸ್ತಿ ಬೇಡ ಅಂತ ಕೋರ್ಟ್ ಹೇಳಿತು. ನಮ್ಮ ರಾಜ್ಯದ ವೃತ್ತಿ ಕೋರ್ಸುಗಳಿಗೆ ಈಗ ಸಂದರ್ಶನವೇ ಇಲ್ಲ. ಅದರ ಬದಲಿಗೆ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ, ತಂದ ವೀರಪ್ಪ ಮೊಯಿಲಿಯವರು ನಮ್ಮ ಕಾರ್ಕಳದಿಂದ ಶಾಸಕರಾಗಿದ್ದವರು. ಸಿಇಟಿಯ ಬಗ್ಗೆ ನನಗೆ ದೂರುಗಳಿವೆ. ಆದರೂ ಚೀಟಿಯನ್ನು ಕಿಸೆಯಿಂದ ತೆಗೆಯುವ ಆ ಹೊತ್ತನ್ನು ಅದು ಪ್ರವೇಶದಿಂದ ದೂರ ಮಾಡಿತು. ಅದಕ್ಕೆ ನಾನು ಋಣಿ.

ಹಾಗಾದರೆ ಪರೀಕ್ಷೆ ಇದ್ದರೆ ಸಾಕಲ್ವಾ, ಮೀಸಲಾತಿ ಯಾಕೆ ಅಂತ ನೀವು ಕೇಳಬಹುದು. ಈಗ ಇಬ್ಬರು ಮಕ್ಕಳ ಬಗ್ಗೆ ಹೇಳುತ್ತೇನೆ. ಇಬ್ಬರೂ ನನ್ನ ವಿದ್ಯಾರ್ಥಿಗಳು, ಒಂದೇ ವರ್ಷದವರು.

ಹುಡುಗಿಯ ಗಣಿತದ ನೋಟ್‌ಬುಕ್ಕಿಗೆ ಒಂದು ವಾಸನೆ ಇತ್ತು. ಮೊದಲ ವಾರ ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಹೊಗೆಸೊಪ್ಪಿನ ವಾಸನೆ. ಮನೆಯಲ್ಲಿ ಅಮ್ಮ, ಅಕ್ಕ, ಇವಳು ಮೂವರೂ ಬೀಡಿ ಕಟ್ಟುತ್ತಿದ್ದರು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಕಟ್ಟಿರಬಹುದು, ನಿಮಗೆ ನಾನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ರಾತ್ರಿ ಎಲೆಯನ್ನು ನೀರಿನಲ್ಲಿ ನೆನೆಸಿಡಬೇಕು. ಬೆಳಿಗ್ಗೆ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಸೊಪ್ಪಿನ ಪುಡಿ ಹಾಕಿ ಸುರುಳಿ ಮಾಡಿ, ನೂಲು ಸುತ್ತಿ, ಬಾಯಿ ಮಡಚಬೇಕು. ಸಾವಿರ ಬೀಡಿಗೆ ಇಷ್ಟು ಅಂತ ದುಡ್ಡು. ಬ್ರಾಂಚಿಗೆ ತೆಗೆದುಕೊಂಡು ಹೋದರೆ ಚೆಕ್ಕರ್ ನೋಡಿ ಸರಿ ಇಲ್ಲದ್ದನ್ನು ಪಕ್ಕಕ್ಕೆ ಹಾಕುತ್ತಾನೆ. ಪಕ್ಕಕ್ಕೆ ಹಾಕಿದ್ದಕ್ಕೆ ದುಡ್ಡಿಲ್ಲ. ಈ ಹುಡುಗಿ ಕಾಲೇಜಿನಿಂದ ಬಂದು ಒಂಬತ್ತು ಗಂಟೆಯವರೆಗೆ ಬೀಡಿ ಕಟ್ಟಿ, ಆಮೇಲೆ ಪುಸ್ತಕ ತೆಗೆಯುತ್ತಿದ್ದಳು. ಸೂತ್ರಗಳನ್ನು ಒಂದು ಚೀಟಿಯಲ್ಲಿ ಬರೆದು ಮೊರದ ಅಂಚಿಗೆ ಸಿಕ್ಕಿಸಿ, ಕೈ ಬೀಡಿ ಸುತ್ತುತ್ತಿರುವಾಗ ಬಾಯಿಪಾಠ ಮಾಡುತ್ತಿದ್ದಳಂತೆ. ಒಂದನೆಯಿಂದ ಹತ್ತನೆಯವರೆಗೆ ಹಳ್ಳಿಯ ಕನ್ನಡ ಶಾಲೆ. ಪಿಯುಸಿಗೆ ಬಂದಾಗ ‘ಫಂಕ್ಷನ್’ ಅಂದರೆ ಮದುವೆ ಮುಂಜಿ ಅಂದುಕೊಂಡಿದ್ದಳು. ಎರಡನೇ ಪಿಯುಸಿ ಗಣಿತದಲ್ಲಿ ಅವಳಿಗೆ 71.

ಹುಡುಗನ ತಂದೆ ತಾಯಿ ಇಬ್ಬರಿಗೂ ಒಳ್ಳೆಯ ಕೆಲಸ. ನಮ್ಮ ಕಾಲೇಜಿನ ಜೊತೆಗೆ ಕೋಚಿಂಗ್, ಮನೆಗೆ ಬಂದು ಕಲಿಸುವ ಒಬ್ಬ ಮೇಷ್ಟ್ರು. ಅವನ ದುಡಿಮೆ ಸುಳ್ಳಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದ. ಎರಡು ವರ್ಷ ಒಂದು ಮದುವೆಗೂ ಹೋಗಲಿಲ್ಲ, ಒಂದು ಯಕ್ಷಗಾನ ನೋಡಲಿಲ್ಲ. ಅವನಿಗೆ 94.

ಸಿಇಟಿ ರ‍್ಯಾಂಕಿನಲ್ಲೂ ಹಾಗೆಯೇ ಅವನು ಮುಂದೆ, ಅವಳು ಹಿಂದೆ. ಆದರೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಅಂತ ಒಳಗೆ ಮೀಸಲು ಇದೆ. ಅದರಲ್ಲಿ ಅವಳಿಗೆ ಸರ್ಕಾರಿ ಶುಲ್ಕದ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅದೇ ಕಾಲೇಜು, ಅದೇ ಬ್ರಾಂಚು ಅವನಿಗೆ ಸಿಗಲಿಲ್ಲ. ಹೆಚ್ಚು ಫೀಸು ಕೊಟ್ಟು ಬೇರೆ ಕಡೆ ಸೇರಬೇಕಾಯಿತು. ಅವನ ತಾಯಿ ನನ್ನ ಮನೆಗೆ ಬಂದರು. ಕಣ್ಣಲ್ಲಿ ನೀರು. ‘ನನ್ನ ಮಗ ಎಂತ ತಪ್ಪು ಮಾಡಿದ್ದು ಸರ್?’ ಅಂತ ಕೇಳಿದರು.

ಅವನು ಏನೂ ತಪ್ಪು ಮಾಡಿಲ್ಲ. ಅವರಿಗೆ ಅದನ್ನೇ ಹೇಳಿದೆ. ಮೀಸಲಾತಿಯ ಪರ ಮಾತಾಡುವ ನನ್ನಂಥವರು ಆ ತಾಯಿಯ ಎದುರು ಕೂತು ಮಾತಾಡಬೇಕು. ಅವರ ನೋವನ್ನು ಸಣ್ಣದು ಮಾಡಬಾರದು. ಆಮೇಲೆ ಇನ್ನೊಂದು ಮಾತು ಹೇಳಿದೆ. ‘ನಿಮ್ಮ ಮಗನ 94 ನೂರಕ್ಕೆ ನೂರು ಅವನದ್ದೇ. ಆ ಹುಡುಗಿಯ 71 ಸಹ ಅವಳದ್ದೇ. ನಾನು ಇಬ್ಬರ ಉತ್ತರ ಪತ್ರಿಕೆಯನ್ನೂ ಎರಡು ವರ್ಷ ತಿದ್ದಿದ್ದೇನೆ. ಅವಳು ತಪ್ಪು ಮಾಡುತ್ತಿದ್ದದ್ದು ಲೆಕ್ಕ ಗೊತ್ತಿಲ್ಲದೆ ಅಲ್ಲ. ಅವಳಿಗೆ ಹೊತ್ತು ಸಾಕಾಗುತ್ತಿರಲಿಲ್ಲ. ಆ ಹೊತ್ತು ಬೀಡಿಗೆ ಹೋಗಿದೆ.’ ಅವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಚಹಾ ಕುಡಿದು ಹೋದರು.

ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯದಲ್ಲಿ ಫೇಲಾದಳು. ಇದನ್ನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ್ದನ್ನು ಐದು ವರ್ಷಕ್ಕೆ ಮುಗಿಸಿದಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಬೀಡಿ ನಿಂತಿದೆ. ಅವಳ ಅಮ್ಮ ಒಂದು ಸಲ ಬಸ್ಸಿನಲ್ಲಿ ಸಿಕ್ಕಿದರು. ‘ಈಗ ಕೈಗೆ ಕೆಲಸ ಇಲ್ಲದೆ ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ ಮಾಸ್ಟ್ರೇ’ ಅಂದರು.

ಸೀಟು ಸಿಗುವುದು ಬಾಗಿಲು. ಪಾಸಾಗುವುದು ಬೇರೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಹಿಂದೊಮ್ಮೆ ಇಂಥದ್ದೇ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು, ‘ಮೀಸಲಾತಿಯಲ್ಲಿ ಬಂದ ಡಾಕ್ಟರ ಹತ್ತಿರ ನೀವು ಆಪರೇಷನ್ ಮಾಡಿಸಿಕೊಳ್ಳುತ್ತೀರಾ?’ ಮಾಡಿಸಿಕೊಳ್ಳುತ್ತೇನೆ. ಎಂಬಿಬಿಎಸ್ ಪಾಸಾಗಲು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಾಸ್ ಅಂಕ. ಅಲ್ಲಿ ಯಾರಿಗೂ ಜಾತಿಯ ರಿಯಾಯಿತಿ ಇಲ್ಲ. ಆದರೆ ಆ ಹಿರಿಯರ ಭಯ ನಿಜವಾದದ್ದೇ ಆಗಿದ್ದರೆ, ಅವರು ಇನ್ನೊಂದು ಕಡೆಯೂ ನೋಡಬೇಕು.

ನಮ್ಮ ಕರಾವಳಿಗೆ ಆ ಕಡೆ ಚೆನ್ನಾಗಿ ಗೊತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡೆಯ ಮೇಲೆ ಒಂದು ಖಾಸಗಿ ಮೆಡಿಕಲ್ ಕಾಲೇಜು ಕಟ್ಟಿದರು. ಅದು ದೊಡ್ಡ ಕೆಲಸ, ಅದರಿಂದ ಈ ಜಿಲ್ಲೆಯ ಆರೋಗ್ಯವೇ ಬದಲಾಯಿತು. ಅದನ್ನು ನೋಡಿ ರಾಜ್ಯದಲ್ಲಿ ಎಷ್ಟೋ ಕಾಲೇಜು ಎದ್ದವು. ಸೀಟಿಗೆ ಬೆಲೆ ಬಂತು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ಫೀಸಿನ ಮೇಲೆ ಕೇಳುವ ದುಡ್ಡು, ನಿಷೇಧಿಸುವ ಕಾನೂನು ಮಾಡಬೇಕಾಯಿತು. 1992ರ ಮೋಹಿನಿ ಜೈನ್ ಪ್ರಕರಣ ನೋಡಿ. ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000. ಉತ್ತರ ಪ್ರದೇಶದ ಹುಡುಗಿ ಆ ಅರವತ್ತು ಸಾವಿರ ಕೊಡಲಾಗದೆ ಸುಪ್ರೀಂ ಕೋರ್ಟಿಗೆ ಹೋದಳು. ಹತ್ತು ವರ್ಷದ ನಂತರ, 2002ರಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್. ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ಮಕ್ಕಳು ಉಡುಪಿಯ ಈ ಹೆಸರನ್ನು ಬಾಯಿಪಾಠ ಮಾಡುತ್ತಾರೆ. 2005ರ ಇನಾಮ್‌ದಾರ್ ತೀರ್ಪು ಅನಿವಾಸಿ ಭಾರತೀಯರಿಗೆ ಶೇ. 15ರವರೆಗೆ ಸೀಟು ಕೊಡಬಹುದು ಅಂದಿತು.

ಈಗ ನೀಟ್ ಇದೆ, ದುಡ್ಡಿನಿಂದ ಆಗುವುದಿಲ್ಲ ಅನ್ನುತ್ತಾರೆ. ನೀಟ್‌ನಲ್ಲಿ ಸಾಮಾನ್ಯ ವರ್ಗದವರು ಅರ್ಹರಾಗಲು 50 ಪರ್ಸೆಂಟೈಲ್ ಬೇಕು. ಅದು ಐವತ್ತು ಪರ್ಸೆಂಟ್ ಅಲ್ಲ, ತುಂಬಾ ಜನ ಇಲ್ಲಿ ಎಡವುತ್ತಾರೆ. ಬರೆದವರಲ್ಲಿ ಅರ್ಧ ಜನರಿಗಿಂತ ಮೇಲಿದ್ದರೆ ಸಾಕು. 2022ರಲ್ಲಿ ಆ ಗೆರೆ 720ಕ್ಕೆ 117 ಅಂಕ. ಲೆಕ್ಕ ಹಾಕಿ, ನೂರಕ್ಕೆ ಹದಿನಾರು. ಅಷ್ಟು ತೆಗೆದ ಬಡವರ ಮಗಳಿಗೆ ಸರ್ಕಾರಿ ಸೀಟು ಕನಸು. ಅಷ್ಟೇ ತೆಗೆದ ಶ್ರೀಮಂತರ ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು ಹುಡುಕುವ ದಾರಿ ಇದೆ. ಇನ್ನು 2023ರಲ್ಲಿ ಸ್ನಾತಕೋತ್ತರ ನೀಟ್‌ಗೆ ಅರ್ಹತೆಯನ್ನು ಎಲ್ಲ ವರ್ಗದವರಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸೀಟು ಖಾಲಿ ಉಳಿಯಬಾರದು ಅಂತ. ಪರೀಕ್ಷೆ ಬರೆದವರೆಲ್ಲ ಅರ್ಹರು ಎಂದಾಯಿತು. ಆಪರೇಷನ್ ಮಾಡುವ ತಜ್ಞರನ್ನು ತಯಾರು ಮಾಡುವ ಸೀಟುಗಳು ಅವು. ಆಗ ನಮ್ಮ ಊರಿನಲ್ಲಿ ಎಷ್ಟು ಜನ ಎದ್ದು ನಿಂತು ಪ್ರಶ್ನೆ ಕೇಳಿದರು?

ಮೀಸಲಾತಿಯನ್ನು ಒಪ್ಪುವ ನನ್ನ ಗೆಳೆಯರ ಜೊತೆಗೂ ನನಗೆ ಜಗಳ ಇದೆ. ಅದನ್ನೂ ಹೇಳಬೇಕು.

ಗ್ರಾಮೀಣ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ಒಂದು ಹೊಳೆ ಇದೆ ಅಂತಿಟ್ಟುಕೊಳ್ಳಿ. ಆಚೆ ಗ್ರಾಮ ಪಂಚಾಯತ್, ಈಚೆ ಪುರಸಭೆ. ಈಚೆಯ ಶಾಲೆಯಲ್ಲಿ ಕಲಿತ ಕೂಲಿಯವನ ಮಗುವಿಗೆ ಗ್ರಾಮೀಣ ಮೀಸಲು ಇಲ್ಲ. ಆಚೆ ಎಸಿ ಬಸ್ಸು ಇಟ್ಟುಕೊಂಡು ನಡೆಯುವ ದೊಡ್ಡ ಶಾಲೆಯಲ್ಲಿ ಕಲಿತ ಉದ್ಯಮಿಯ ಮಗುವಿಗೆ ಇದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಆದಾಯ ಪ್ರಮಾಣಪತ್ರದ ಕಥೆ ಇನ್ನೂ ಬೇಸರದ್ದು. ನಾಡಕಚೇರಿಯ ಎದುರು ಕಾರು ನಿಲ್ಲಿಸಿ ಕಡಿಮೆ ಆದಾಯ ಬರೆಸಿಕೊಂಡು ಹೋಗುವವರು ತಮ್ಮದೇ ಜಾತಿಯ ಬಡವರ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ನನ್ನ ಗೆಳೆಯರೊಬ್ಬರು, ಹಿಂದುಳಿದ ವರ್ಗಗಳ 2ಎ ಪಟ್ಟಿಯವರು, ಸರ್ಕಾರಿ ಅಧಿಕಾರಿಯಾಗಿ ನಿವೃತ್ತರಾದವರು. ತಮ್ಮ ಇಬ್ಬರು ಮಕ್ಕಳಿಗೂ ಪ್ರಮಾಣಪತ್ರ ಮಾಡಿಸಲೇ ಇಲ್ಲ. ‘ನನಗೆ ಸಿಕ್ಕಿದೆ, ಸಾಕು’ ಅಂದರು. ಅವರ ಮೇಲೆ ನನಗಿರುವ ಗೌರವ ಹೇಳಿ ತೀರದು.

ಕೊರಗರ ವಿಷಯ ಇನ್ನೂ ದೊಡ್ಡದು. ಕರ್ನಾಟಕದಲ್ಲಿ ತೀರಾ ದುರ್ಬಲ ಅಂತ ಸರ್ಕಾರವೇ ಗುರುತಿಸಿದ ಬುಡಕಟ್ಟುಗಳು ಎರಡೇ, ಜೇನುಕುರುಬರು ಮತ್ತು ನಮ್ಮ ಕೊರಗರು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಅವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. 1900 ಅಲ್ಲ, 2000. ಆಗ ಹದಿನೆಂಟು ವರ್ಷ ಆಗಿದ್ದ ಯುವಕನಿಗೆ ಈಗ ನಲವತ್ತು ದಾಟಿದೆ. ಅವನ ಮಗಳು ಇವತ್ತು ನಿಮ್ಮ ವಯಸ್ಸಿನವಳು. 2022ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲನ್ನು ಶೇ. 3ರಿಂದ 7ಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಆ ಏಳರಲ್ಲಿ ಈ ಹುಡುಗಿ ತನಗಿಂತ ಎಷ್ಟೋ ದೊಡ್ಡ, ಎಷ್ಟೋ ಮುಂದೆ ಬಂದ ಸಮುದಾಯಗಳ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಅವಳಿಗೆ ಹೇಳುವುದು ಅದೇ ಮಾತು: ನಿನಗೆ ಮೆರಿಟ್ ಸಾಲದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಒಬ್ಬರನ್ನು ಬಿಟ್ಟು ಉಳಿದ ಆರು ಜನ ಒಪ್ಪಿ, ಒಳಮೀಸಲಾತಿ ಮಾಡಬಹುದು ಅಂದಿತು. ಕೊರಗರಿಗೆ ಅವರದ್ದೇ ಒಂದು ಪಾಲು ಬೇಕು, ಬರೆದಿಟ್ಟ ಪಾಲು. ನಮ್ಮ ಎರಡು ಜಿಲ್ಲೆಯವರು ಅದನ್ನು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದಾಗ ನಮ್ಮ ಜಿಲ್ಲೆಗಳು ಮೇಲಿರುತ್ತವೆ. ನಮಗೆಲ್ಲ ಹೆಮ್ಮೆ. ಕರಾವಳಿಯವರು ಹುಟ್ಟಾ ಬುದ್ಧಿವಂತರು ಅಂತ ಯಾರಾದರೂ ಅಂದರೆ ನನಗೆ 1974ರ ಭೂಸುಧಾರಣೆ ನೆನಪಾಗುತ್ತದೆ. ಎಷ್ಟು ಗೇಣಿ ಒಕ್ಕಲಿನ ಮನೆಗಳಿಗೆ ಆಗ ಡಿಕ್ಲರೇಶನ್ ಹಾಕಿ ಭೂಮಿ ಬಂತು! ಗೇಣಿ ಅಕ್ಕಿ ಅಳೆದು ಕೊಡುವುದು ನಿಂತ ಮನೆಯಲ್ಲಿ ಮಕ್ಕಳು ಪುಸ್ತಕ ಹಿಡಿದರು. ಆ ಮಕ್ಕಳ ಮಕ್ಕಳು ಇವತ್ತಿನ ರ‍್ಯಾಂಕ್‌ಗಳು. ಕಾನೂನು ಅವರ ಪರವಾಗಿ ಒಂದು ಸಲ ನಿಂತಿತು, ಅವರು ಉಳಿದದ್ದನ್ನು ದುಡಿದು ಮಾಡಿಕೊಂಡರು. ಭೂಮಿಯೇ ಇಲ್ಲದ, ಗೇಣಿಗೂ ಇಲ್ಲದ ಮನೆಗಳು ಆಗಲೂ ಹೊರಗೆ ಉಳಿದವು.

ಇನ್ನು ನೇಮಕಾತಿಗೆ ಬರುತ್ತೇನೆ. ನಿಮ್ಮಲ್ಲಿ ಕೆಲವರು ಮುಂದೆ ಸಂದರ್ಶನ ಮಾಡುವ ಮೇಜಿನ ಆ ಕಡೆ ಕೂರುತ್ತೀರಿ. ಕೆಪಿಎಸ್‌ಸಿಯ 2011ರ ಸಾಲಿನ 362 ಹುದ್ದೆಗಳ ಕಥೆ ನಿಮಗೆ ಗೊತ್ತಿರಬಹುದು. ಸಂದರ್ಶನದ ಅಂಕದ ಮೇಲೆ ಆರೋಪ ಬಂದು, ಸಿಐಡಿ ತನಿಖೆ ಆಗಿ, ಹತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2022ರಲ್ಲಿ ರದ್ದಾಯಿತು, ಅಲ್ಲಿ ಓಎಂಆರ್ ಹಾಳೆಗೇ ಕೈ ಹಾಕಿದ್ದರು. ಪ್ರಾಮಾಣಿಕವಾಗಿ ಓದಿದ ಮಕ್ಕಳ ಎಷ್ಟು ವರ್ಷ ಹಾಳಾಯಿತು ಯೋಚಿಸಿ. ಅವರಲ್ಲಿ ಎಲ್ಲ ಜಾತಿಯವರೂ ಇದ್ದರು.

ಬೋರ್ಡಿನ ಮೇಲೆ ಬಸ್ಸಿನ ಗೆರೆ ಎಳೆದವರು ಏಳೆಂಟು ವರ್ಷದ ಮೇಲೆ ನನಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಒಂದು ಟ್ಯೂಷನ್ ಸೆಂಟರಿನಲ್ಲಿ ಗಂಟೆ ಲೆಕ್ಕಕ್ಕೆ ಪಾಠ ಮಾಡುತ್ತಿದ್ದರು. ನನ್ನ ಗುರುತು ಹಿಡಿದು ಅವರೇ ಮಾತಾಡಿಸಿದರು. ‘ಅವತ್ತು ನನ್ನ ಪಾಠ ಸರಿ ಆಗಲಿಲ್ಲ ಅಲ್ವಾ ಸರ್?’ ಅಂದರು. ಏಳೆಂಟು ವರ್ಷ ಅವರು ಹಾಗೇ ನಂಬಿಕೊಂಡಿದ್ದರು. ಚೀಟಿಯ ವಿಷಯ, ಪೆನ್ಸಿಲಿನ ವಿಷಯ, ನನ್ನ ಸಹಿಯ ವಿಷಯ ಎಲ್ಲ ಹೇಳಿದೆ. ಕ್ಷಮೆ ಕೇಳಿದೆ. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಮೊದಲು ಎಷ್ಟು ಹಾಕಿದ್ರಿ?’ ಅಂತ ಕೇಳಿದರು. 22 ಅಂದೆ.

ಆ ದಿನದಿಂದ ನಾನು ಯಾವ ಸಂದರ್ಶನಕ್ಕೆ ಹೋದರೂ ನನ್ನ ಪೆನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ. ಒಬ್ಬರು ಹೊರಗೆ ಹೋದ ಕೂಡಲೇ, ಇನ್ನೊಬ್ಬರು ಒಳಗೆ ಬರುವ ಮೊದಲು, ಅಂಕ ಬರೆದು ಪಕ್ಕದಲ್ಲಿ ಸಹಿ ಮಾಡುತ್ತೇನೆ. ಯಾಕೆ ಅಷ್ಟು ಅಂಕ ಅಂತ ಒಂದು ಸಾಲು ಬರೆಯುತ್ತೇನೆ. ಹಾಳೆಯ ಒಂದು ಪ್ರತಿ ಕೇಳಿ ಪಡೆಯುತ್ತೇನೆ. ಒಂದು ಕಡೆ ಅಧ್ಯಕ್ಷರು, ‘ಪೆನ್ಸಿಲ್ ಸಾಕು ಸರ್’ ಅಂದರು. ಪೆನ್ನಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಈಗಲೇ ಹೊರಡುತ್ತೇನೆ ಅಂದೆ. ಪೆನ್ನಿನಲ್ಲೇ ಬರೆದೆವು. ಆ ಸಂಸ್ಥೆಯಿಂದ ಮತ್ತೆ ನನಗೆ ಕರೆ ಬಂದಿಲ್ಲ. ಬೇರೆ ಎರಡು ಕಡೆಯಿಂದ ಬಂದಿದೆ. ಅವರಲ್ಲಿ ಒಬ್ಬರು ಈಗ ಎಲ್ಲ ಸದಸ್ಯರಿಗೂ ಪೆನ್ನಿನಲ್ಲೇ ಬರೆಯಲು ಹೇಳುತ್ತಾರೆ, ಮೇಜಿನ ಮೇಲೆ ರಬ್ಬರ್ ಇಡುವುದಿಲ್ಲ.